ಕೌದಿ

ಕೌದಿ ಎಂಬುದು ಬಳಸಿ ಹಳೆಯದಾದ ಸೀರೆ, ಧೋತರ, ಅಂಗಿ, ಕುಪ್ಪಸ ಮೊದಲಾದ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ, ಕೈಹೊಲಿಗೆಯಿಂದ ಸಿದ್ಧಪಡಿಸುವ ಹಾಸು ಹಾಗೂ ಹೊದಿಕೆ. ಉತ್ತರ ಕರ್ನಾಟಕದ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕಲಬುರಗಿ ಮೊದಲಾದ ಜಿಲ್ಲೆಗಳಲ್ಲಿ ಇದು ಮನೆಮನೆಯ ಬಳಕೆಯ ವಸ್ತುವಾಗಿದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗಳು ತಮ್ಮದೇ ಆದ ವಿಶಿಷ್ಟ ಶೈಲಿಯಿಂದ ಅಂತಾರಾಷ್ಟ್ರೀಯ ಮಟ್ಟದಲ್ಲಿ ಗಮನ ಸೆಳೆದಿವೆ. ಕೌದಿ ಹೊಲಿಗೆಯು ಬಹುಮಟ್ಟಿಗೆ ಮಹಿಳೆಯರ ಕಲೆ. ಮಾರಾಟಕ್ಕಿಂತ ಹೆಚ್ಚಾಗಿ ಮಕ್ಕಳು, ಮೊಮ್ಮಕ್ಕಳು, ಬಾಣಂತಿಯರು ಮತ್ತು ವೃದ್ಧರ ಬಳಕೆಗಾಗಿ ಇದು ಬೆಳೆದುಬಂದಿದೆ.

## ಹೆಸರು

ಪ್ರದೇಶಕ್ಕೆ ಅನುಗುಣವಾಗಿ ಇದನ್ನು ಕೌದಿ, ಕವುದಿ, ಕೌಂದಿ ಎಂದು ಕರೆಯುತ್ತಾರೆ. ಸಿದ್ದಿಗಳಲ್ಲಿ ಕವಂದಿ ಎಂಬ ರೂಪ ಬಳಕೆಯಲ್ಲಿದೆ. ಮರಾಠಿಯಲ್ಲಿ ಗೋಧಡಿ ಮತ್ತು ವಾಕಳ, ತೆಲುಗಿನಲ್ಲಿ ಬೊಂತ, ಹಿಂದಿಯಲ್ಲಿ ಗುದಡಿ ಎಂಬ ಪದಗಳು ಇದೇ ಬಗೆಯ ಹೊದಿಕೆಗಳನ್ನು ಸೂಚಿಸುತ್ತವೆ. ಚಿಂದಿಗಳನ್ನು ಕೂಡಿಸಿ ಹೊಲಿದ ವಸ್ತ್ರಕ್ಕೆ ಸಂಸ್ಕೃತದಲ್ಲಿ ಕಂಥಾ ಎಂಬ ಹೆಸರಿದೆ. ಕನ್ನಡದಲ್ಲಿ ಕಂಥೆ ಎಂಬ ತದ್ಭವವು ಜೋಗಿ, ಸನ್ಯಾಸಿಗಳ ತೇಪೆಯ ಉಡುಗೆಗೆ ಸಲ್ಲುತ್ತದೆ. ಬಂಗಾಳದ ಪ್ರಸಿದ್ಧ ಕಾಂಥಾ ಹೊಲಿಗೆಯ ಹೆಸರೂ ಇದೇ ಪದಕ್ಕೆ ಸಂಬಂಧಿಸಿದ್ದು.

## ಹಿನ್ನೆಲೆ

ಹಳೆಯ ಬಟ್ಟೆಯನ್ನು ಎಸೆಯದೆ ಹೊಲಿದು ಮತ್ತೆ ಬಳಸುವ ರೂಢಿ ಭಾರತದಲ್ಲಿ ಬಹಳ ಪ್ರಾಚೀನವಾದುದು. ಬೌದ್ಧ ವಿನಯ ಗ್ರಂಥಗಳಲ್ಲಿ ಭಿಕ್ಷುಗಳು ಎಸೆದ ಬಟ್ಟೆಗಳನ್ನು ಆಯ್ದು ತಂದು, ಒಗೆದು, ಬಣ್ಣ ಹಾಕಿ, ಕೂಡಿಸಿ ಹೊಲಿದುಕೊಳ್ಳುತ್ತಿದ್ದ ಚೀವರದ ವಿವರಗಳಿವೆ. ಇಂತಹ ಬಟ್ಟೆಯನ್ನು ಪಾಂಸುಕೂಲ ಎನ್ನುತ್ತಿದ್ದರು. ಮಗಧದ ಗದ್ದೆಗಳ ಬದುಗಳನ್ನು ಹೋಲುವ ಚೌಕಗಳ ವಿನ್ಯಾಸದಲ್ಲಿ ಚೀವರವನ್ನು ಹೊಲಿಯುವಂತೆ ಬುದ್ಧನು ಆನಂದನಿಗೆ ಸೂಚಿಸಿದನೆಂದು ಆ ಗ್ರಂಥಗಳು ಹೇಳುತ್ತವೆ. ಸೂಫಿ ಫಕೀರರ ತೇಪೆಯ ನಿಲುವಂಗಿ, ಕರ್ನಾಟಕದ ಬುಡಬುಡಿಕೆಯವರ ಬಣ್ಣಬಣ್ಣದ ಬಟ್ಟೆಗಳ ವೇಷ ಮುಂತಾದವು ಇದೇ ಪರಂಪರೆಯ ಬೇರೆ ಬೇರೆ ರೂಪಗಳು. ಸನ್ಯಾಸಿಗೆ ತೇಪೆಯ ವಸ್ತ್ರವು ವೈರಾಗ್ಯದ ಗುರುತಾದರೆ, ಗೃಹಸ್ಥರ ಮನೆಯಲ್ಲಿ ಅದು ಮಿತವ್ಯಯದ ಹಾಗೂ ಅಕ್ಕರೆಯ ಗುರುತಾಯಿತು.

ಕೌದಿಯ ನಿರ್ದಿಷ್ಟ ಇತಿಹಾಸವನ್ನು ವಸ್ತುಗಳ ಮೂಲಕ ಕಟ್ಟುವುದು ಸುಲಭವಲ್ಲ. ಕೌದಿಯನ್ನು ಹರಿಯುವವರೆಗೆ ಬಳಸುತ್ತಾರೆ. ಹರಿದ ಮೇಲೆ ಅದೇ ಹೊಸ ಕೌದಿಯ ಒಳಪದರವಾಗುತ್ತದೆ. ಹೀಗಾಗಿ ಹಲವು ತಲೆಮಾರುಗಳ ಹಿಂದಿನ ಕೌದಿಗಳು ಇಡಿಯಾಗಿ ಉಳಿದಿರುವುದು ವಿರಳ. ಹೊಲಿದವರ ಹೆಸರು ಬರೆದಿಡುವ ಪದ್ಧತಿಯೂ ಇರಲಿಲ್ಲ. ಈ ಕಲೆಯ ಅರಿವು ಮುಖ್ಯವಾಗಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ದಾಟಿ ಬಂದಿದೆ.

## ಸಾಮಗ್ರಿಗಳು

ಕೌದಿಗೆ ಬೇಕಾದ ಮುಖ್ಯ ಸಾಮಗ್ರಿ ಹತ್ತಿಯ ಹಳೆಯ ಬಟ್ಟೆ. ಹೊಸ ಬಟ್ಟೆಯಲ್ಲಿ ಗಂಜಿಯ ಅಂಶವಿದ್ದು ಅದು ಬಿರುಸಾಗಿರುತ್ತದೆ. ಹಲವು ವರ್ಷ ಒಗೆದು ಬಳಸಿದ ಬಟ್ಟೆಯಲ್ಲಿ ಗಂಜಿ ಹೋಗಿ, ಎಳೆಗಳು ಸಡಿಲಗೊಂಡು, ಬಟ್ಟೆ ಮೃದುವಾಗುತ್ತದೆ. ಅಂತಹ ಬಟ್ಟೆ ಬೆವರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಸೂಜಿಯೂ ಅದರಲ್ಲಿ ಸರಾಗವಾಗಿ ಹಾಯುತ್ತದೆ. ಎಳೆಯ ಮಕ್ಕಳಿಗೆ ಹೊಸ ಬಟ್ಟೆಗಿಂತ ಹಳೆಯ ಬಟ್ಟೆಯೇ ಹಿತವೆಂಬ ರೂಢಿಯ ನಂಬಿಕೆಗೆ ಇದೇ ಆಧಾರ.

* ಸೀರೆ: ತಳ ಮತ್ತು ಒಳಪದರಗಳಿಗೆ ಸೀರೆಯೇ ಮುಖ್ಯ. ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆಗಳ ದಡಿ ಮತ್ತು ಸೆರಗಿನ ಭಾಗಗಳನ್ನು ಕತ್ತರಿಸಿ ಅಂಚಿಗೆ ಅಥವಾ ನಡುವಿನ ಅಲಂಕಾರಕ್ಕೆ ಬಳಸುತ್ತಾರೆ.
* ಧೋತರ ಮತ್ತು ರುಮಾಲು: ಬಿಳಿಯ ಅಥವಾ ಮಾಸಲು ಬಣ್ಣದ ಈ ಬಟ್ಟೆಗಳು ಸಾಮಾನ್ಯವಾಗಿ ಒಳಪದರಕ್ಕೆ ಹೋಗುತ್ತವೆ.
* ಖಣ: ಗುಳೇದಗುಡ್ಡದ ಖಣದ ಕುಪ್ಪಸಗಳಿಂದ ಉಳಿದ ತುಣುಕುಗಳು ಮೇಲ್ಪದರದ ತ್ರಿಕೋನ, ಚೌಕಗಳಿಗೆ ಒದಗುತ್ತವೆ.
* ಅಂಗಿ, ಪರಕಾರ, ಲಂಗ: ಮಕ್ಕಳಿಗೆ ಚಿಕ್ಕದಾದ ಬಟ್ಟೆಗಳು ಮೇಲ್ಪದರದ ತೇಪೆಗಳಾಗುತ್ತವೆ.
* ದರ್ಜಿಯ ಚೂರುಗಳು: ಹೊಲಿಗೆ ಅಂಗಡಿಯಲ್ಲಿ ಉಳಿದ ಬಟ್ಟೆಯ ಚೂರುಗಳನ್ನೂ ಸಂಗ್ರಹಿಸುವುದುಂಟು.

ಸೂಜಿ, ಗಟ್ಟಿಯಾದ ಹತ್ತಿಯ ನೂಲು ಮತ್ತು ಕತ್ತರಿ ಇವಿಷ್ಟೇ ಇತರ ಸಲಕರಣೆಗಳು. ಪದರಗಳು ದಪ್ಪವಾದಾಗ ಉದ್ದನೆಯ ದೊಡ್ಡ ಸೂಜಿಯನ್ನು ಬಳಸುತ್ತಾರೆ. ನೂಲನ್ನು ಸಾಮಾನ್ಯವಾಗಿ ಎರಡೆಳೆಯಾಗಿ ಪೋಣಿಸಿಕೊಳ್ಳಲಾಗುತ್ತದೆ.

## ತಯಾರಿಕೆಯ ವಿಧಾನ

### ಬಟ್ಟೆಯ ಆಯ್ಕೆ

ವರ್ಷವಿಡೀ ಕೂಡಿಟ್ಟ ಬಟ್ಟೆಯ ಗಂಟನ್ನು ಬಿಚ್ಚಿ, ಒಗೆದು, ಒಣಗಿಸಿ, ಬೇರ್ಪಡಿಸುವುದರೊಂದಿಗೆ ಕೆಲಸ ಆರಂಭವಾಗುತ್ತದೆ. ಗುಂಡಿ, ಕೊಂಡಿ, ದಪ್ಪ ಹೊಲಿಗೆಯ ಮಡಿಕೆಗಳನ್ನು ತೆಗೆಯುತ್ತಾರೆ. ಗಟ್ಟಿಯಾಗಿರುವ ಬಟ್ಟೆ ತಳಕ್ಕೆ, ಸವೆದು ಹರಿದದ್ದು ಒಳಗೆ, ಬಣ್ಣ ಉಳಿದಿರುವುದು ಮೇಲೆ ಎಂಬುದು ಸಾಮಾನ್ಯ ನಿಯಮ. ಹೊಲದ ಕೆಲಸ ಕಡಿಮೆಯಿರುವ ಬೇಸಿಗೆಯ ಮಧ್ಯಾಹ್ನಗಳು ಈ ಕೆಲಸಕ್ಕೆ ಅನುಕೂಲವಾದ ಕಾಲ.

### ಪದರಗಳ ಜೋಡಣೆ

ಕೌದಿಯ ಅಳತೆಯು ಬಹುಮಟ್ಟಿಗೆ ಸೀರೆಯ ಅಳತೆಯನ್ನೇ ಅವಲಂಬಿಸಿರುತ್ತದೆ. ಸುಮಾರು 5.5 ಮೀಟರ್ ಉದ್ದದ ಸೀರೆಯನ್ನು ಮೂರು ಮಡಿಕೆ ಮಾಡಿದರೆ 1.8 ಮೀಟರಿಗಿಂತ ತುಸು ಹೆಚ್ಚು ಉದ್ದದ, ಒಬ್ಬರು ಮಲಗಲು ಸಾಕಾಗುವ ಮೂರು ಪದರಗಳು ದೊರೆಯುತ್ತವೆ. ಇಬ್ಬರಿಗೆ ಸಾಲುವ ಅಗಲ ಬೇಕಾದರೆ ಎರಡು ಸೀರೆಗಳನ್ನು ಅಂಚಿಗೆ ಅಂಚು ಕೂಡಿಸುತ್ತಾರೆ. ತಳದ ಬಟ್ಟೆಯನ್ನು ಸಾರಿಸಿದ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಒಳಪದರಗಳನ್ನು ಹರಡಿ, ನಾಲ್ಕೂ ಮೂಲೆಗಳನ್ನು ಎಳೆದು ಸಮಮಾಡುತ್ತಾರೆ. ಪದರಗಳು ಸರಿಯದಂತೆ ದೂರದೂರವಾಗಿ ಟಾಕು ಹಾಕಿ ನಿಲ್ಲಿಸಿಕೊಳ್ಳುತ್ತಾರೆ. ಆನಂತರ ಮೇಲ್ಪದರದ ತೇಪೆಗಳನ್ನು ಒಂದೊಂದಾಗಿ ಅಂಚು ಮಡಚಿ ಕೂರಿಸುತ್ತಾರೆ.

### ಹೊಲಿಗೆ

ಕೌದಿಯ ಮೂಲ ಹೊಲಿಗೆ ಸರಳವಾದ ಓಟದ ಹೊಲಿಗೆ. ಸೂಜಿ ಎಲ್ಲ ಪದರಗಳನ್ನೂ ದಾಟಿ ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ಸಾಲುಗಳ ನಡುವೆ ಸುಮಾರು ಒಂದು ಬೆರಳಿನ ಅಂತರವಿರುವುದುಂಟು. ನುರಿತವರ ಕೌದಿಯಲ್ಲಿ ಸಾಲುಗಳು ಇನ್ನೂ ಒತ್ತಾಗಿರುತ್ತವೆ. ಪ್ರತಿ ಸಾಲನ್ನೂ ತುಸು ಬಿಗಿಯಾಗಿ ಎಳೆಯುವುದರಿಂದ ಮೇಲ್ಮೈಯಲ್ಲಿ ನವುರಾದ ಅಲೆಗಳಂತಹ ನಿರಿಗೆ ಮೂಡುತ್ತದೆ. ಈ ನಿರಿಗೆಯೇ ಕೈಹೊಲಿಗೆಯ ಕೌದಿಯನ್ನು ಯಂತ್ರದ ಹೊಲಿಗೆಯಿಂದ ಬೇರ್ಪಡಿಸುವ ಮುಖ್ಯ ಲಕ್ಷಣ.

ಹೊಲಿಗೆಯ ಸಾಲುಗಳು ಕೇವಲ ಅಲಂಕಾರಕ್ಕಾಗಿ ಇರುವುದಿಲ್ಲ. ಕೌದಿ ಬೆಚ್ಚಗಿರುವುದು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಸಾಲುಗಳು ತೀರ ವಿರಳವಾದರೆ ಒಗೆಯುವಾಗ ಒಳಪದರಗಳು ಸರಿದು ಮುದ್ದೆಗಟ್ಟುತ್ತವೆ. ತೀರ ಒತ್ತಾದರೆ ಪದರಗಳು ಅಮುಕಿ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ಕೌದಿ ಬಿರುಸಾಗುತ್ತದೆ. ಆದ್ದರಿಂದ ಹಾಸುವ ಕೌದಿಗೆ ಒತ್ತು ಹೊಲಿಗೆ, ಹೊದೆಯುವ ಕೌದಿಗೆ ತುಸು ಸಡಿಲ ಹೊಲಿಗೆ ಹೆಚ್ಚು ಹೊಂದುತ್ತದೆ. ಸವೆದ ಒಂದೊಂದು ಬಟ್ಟೆಯೂ ಬಿಡಿಯಾಗಿ ನಿಲ್ಲಲಾರದಷ್ಟು ದುರ್ಬಲವಾಗಿದ್ದರೂ, ನೂರಾರು ಸಾಲುಗಳಿಂದ ಬಂಧಿಸಿದ ಮೇಲೆ ಎಳೆತದ ಭಾರ ಎಲ್ಲ ಪದರಗಳಿಗೂ ಹಂಚಿಹೋಗಿ, ಕೌದಿ ಹಲವು ವರ್ಷ ಬಾಳುತ್ತದೆ.

ಒಬ್ಬರೇ ಬಿಡುವಿನಲ್ಲಿ ಹೊಲಿದರೆ ಒಂದು ಕೌದಿಗೆ ಹಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ನೆರೆಹೊರೆಯ ಮೂರು–ನಾಲ್ಕು ಮಹಿಳೆಯರು ಸುತ್ತ ಕುಳಿತು ಹೊಲಿದರೆ ಕೆಲಸ ಬೇಗ ಮುಗಿಯುತ್ತದೆ. ಊರೂರು ಸುತ್ತಿ, ಮನೆಯವರು ಕೊಡುವ ಬಟ್ಟೆಯಿಂದಲೇ ಕೌದಿ ಹೊಲಿದುಕೊಟ್ಟು ಕೂಲಿ ಅಥವಾ ಕಾಳುಕಡಿ ಪಡೆಯುವ ವೃತ್ತಿನಿರತ ಮಹಿಳೆಯರೂ ಉತ್ತರ ಕರ್ನಾಟಕದಲ್ಲಿದ್ದಾರೆ.

## ವಿನ್ಯಾಸ

ಕೌದಿಯ ವಿನ್ಯಾಸವನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಕೈಗೆ ಸಿಕ್ಕ ಬಟ್ಟೆಯ ಬಣ್ಣ, ಆಕಾರಗಳೇ ವಿನ್ಯಾಸವನ್ನು ನಿರ್ಧರಿಸುತ್ತವೆ. ಸಾಮಾನ್ಯವಾಗಿ ಕಾಣುವ ಬಗೆಗಳು ಹೀಗಿವೆ:

* ಬಯಲು ಕೌದಿ: ಮೇಲ್ಪದರಕ್ಕೆ ಒಂದೇ ಇಡೀ ಸೀರೆಯನ್ನು ಬಳಸಿ, ಅಂಚಿಗೆ ಮಾತ್ರ ಬೇರೆ ಬಣ್ಣದ ಪಟ್ಟಿ ಕೂಡಿಸಿದ್ದು.
* ಚೌಕದ ಕೌದಿ: ಸಮನಾದ ಚೌಕಗಳನ್ನು ತಿಳಿ ಮತ್ತು ಗಾಢ ಬಣ್ಣಗಳು ಒಂದರ ಪಕ್ಕ ಒಂದು ಬರುವಂತೆ ಕೂಡಿಸಿದ್ದು.
* ತ್ರಿಕೋನದ ಕೌದಿ: ಖಣದಂತಹ ಬಟ್ಟೆಯ ತ್ರಿಕೋನಗಳನ್ನು ಸಾಲಾಗಿ ಅಥವಾ ನಕ್ಷತ್ರದ ಆಕಾರದಲ್ಲಿ ಜೋಡಿಸಿದ್ದು.
* ತೊಟ್ಟಿಲ ಕೌದಿ: ಮಗುವಿನ ಅಳತೆಗೆ ಹೊಲಿದ ಚಿಕ್ಕ, ತೆಳು ಕೌದಿ. ಅತ್ಯಂತ ಮೃದುವಾದ ಬಟ್ಟೆಗಳನ್ನು ಇದಕ್ಕೆಂದೇ ತೆಗೆದಿಡುತ್ತಾರೆ.

ಕುಪ್ಪಸದ ತೋಳು, ಅಂಗಿಯ ಜೇಬು ಮೊದಲಾದವು ಆಕಾರ ಬದಲಾಗದೆ ಹಾಗೆಯೇ ಮೇಲ್ಪದರದಲ್ಲಿ ಉಳಿದುಕೊಂಡಿರುವ ಕೌದಿಗಳೂ ಇವೆ. ಇವುಗಳಿಂದ ಮನೆಯವರು ಯಾವ ತುಣುಕು ಯಾರ ಬಟ್ಟೆಯದೆಂದು ಗುರುತಿಸುವುದು ಸಾಧ್ಯವಾಗುತ್ತದೆ.

## ಸಿದ್ದಿ ಸಮುದಾಯದ ಕವಂದಿ

ಸಿದ್ದಿಗಳು ಆಫ್ರಿಕಾ ಮೂಲದ ಜನರು. ಕರ್ನಾಟಕದ ಸಿದ್ದಿಗಳಲ್ಲಿ ಬಹುಪಾಲು ಜನರ ಪೂರ್ವಜರು ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾಕ್ಕೆ ಗುಲಾಮರಾಗಿ ಬಂದವರು. ಅಲ್ಲಿಂದ ತಪ್ಪಿಸಿಕೊಂಡು ಅಥವಾ ಬಿಡುಗಡೆ ಹೊಂದಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ ನೆಲೆಸಿದವರೆಂದು ತಿಳಿದುಬರುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮತ್ತು ಶಿರಸಿ ತಾಲ್ಲೂಕುಗಳಲ್ಲಿ ಇವರ ವಸತಿಗಳಿವೆ. ಹಿಂದೂ, ಮುಸ್ಲಿಂ ಮತ್ತು ಕ್ರೈಸ್ತ ಧರ್ಮಗಳನ್ನು ಅನುಸರಿಸುವ ಸಿದ್ದಿಗಳಿದ್ದು, ಮೂರೂ ಗುಂಪಿನ ಮಹಿಳೆಯರು ಕೌದಿ ಹೊಲಿಯುತ್ತಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಸಿದ್ದಿ ಕವಂದಿಯ ಹೊಲಿಗೆಯ ಕ್ರಮ ಭಿನ್ನವಾದುದು. ಹೊಲಿಗೆ ತಳದ ಬಟ್ಟೆಯ ಒಂದು ಮೂಲೆಯಲ್ಲಿ ಆರಂಭವಾಗಿ, ಅಂಚಿನಗುಂಟ ಸುತ್ತು ಹಾಕುತ್ತಾ ಕ್ರಮೇಣ ನಡುವಿನ ಕಡೆಗೆ ಸಾಗುತ್ತದೆ. ತೇಪೆಗಳನ್ನು ಮೊದಲೇ ಕೂಡಿಸಿಟ್ಟುಕೊಳ್ಳುವುದಿಲ್ಲ. ಸುತ್ತು ಮುಂದುವರಿದಂತೆ ಒಂದೊಂದೇ ತೇಪೆಯ ಅಂಚನ್ನು ಬೆರಳಿನಿಂದ ಮಡಚಿ, ಹಿಂದಿನ ತೇಪೆಯ ಮೇಲೆ ತುಸು ಹೊಂದಿಸಿ ಹೊಲಿಯುತ್ತಾರೆ. ಇದರಿಂದ ಮೇಲ್ಪದರದ ಜೋಡಣೆ ಮತ್ತು ಪದರಗಳ ಬಂಧನ ಎರಡೂ ಒಟ್ಟಿಗೇ ನಡೆಯುತ್ತವೆ. ಅಂಚಿಗೆ ಬೇರೆ ಪಟ್ಟಿ ಕೂಡಿಸುವ ಅಗತ್ಯ ಬೀಳುವುದಿಲ್ಲ. ಕೌದಿಯನ್ನು ಮಗುಚಿದರೆ ಒಂದರೊಳಗೊಂದು ಅಡಗಿದ ಆಯತಗಳಂತೆ ಹೊಲಿಗೆಯ ಸಾಲುಗಳು ಸ್ಪಷ್ಟವಾಗಿ ಕಾಣುತ್ತವೆ.

ಕೆಲಸ ಮುಗಿದ ಮೇಲೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮಾಡಿದ ಪುಟ್ಟ ಗೊಂಚಲನ್ನು ಕೂಡಿಸುತ್ತಾರೆ. ಇದನ್ನು ಫುಲ, ಅಂದರೆ ಹೂವು, ಎನ್ನುತ್ತಾರೆ. ಫುಲವಿಲ್ಲದ ಕವಂದಿ ಅಪೂರ್ಣ, ಬೆತ್ತಲೆ ಇದ್ದಂತೆ ಎಂಬ ಭಾವನೆ ಸಿದ್ದಿ ಮಹಿಳೆಯರಲ್ಲಿದೆ. ಮೇಲ್ಪದರದಲ್ಲಿ ಕ್ರೈಸ್ತ ಸಿದ್ದಿಗಳು ಶಿಲುಬೆಯನ್ನೂ ಮುಸ್ಲಿಂ ಸಿದ್ದಿಗಳು ಅರ್ಧಚಂದ್ರವನ್ನೂ ಮೂಡಿಸುವುದುಂಟು. ಮಕ್ಕಳ ಕವಂದಿಗಳಲ್ಲಿ ಚಿಕ್ಕ ಚಿಕ್ಕ ಬಣ್ಣದ ತುಣುಕುಗಳು ಹೆಚ್ಚಾಗಿರುತ್ತವೆ.

ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಸಿದ್ದಿ ಕೌದಿಗಳ ಕುರಿತು ಅಧ್ಯಯನ ನಡೆಸಿದ್ದಾರೆ. ಈ ಸಂಪರ್ಕದಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೂ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು.

## ಹಳೆ ಬಟ್ಟೆಯ ಇತರ ಮನೆಹೊಲಿಗೆಗಳು

ಕೌದಿಯು ಹಳೆಯ ಬಟ್ಟೆಯ ಮರುಬಳಕೆಯ ಒಂದು ಹಂತ ಮಾತ್ರ. ಸೀರೆಯೊಂದು ಹಳೆಯದಾದಾಗ ಅದರ ಗಟ್ಟಿ ಭಾಗ ಮೊದಲು ಉಡುಪಾಗುತ್ತದೆ, ಸವೆದ ಭಾಗ ಹಾಸಿಗೆಗೆ ಹೋಗುತ್ತದೆ, ಕೊನೆಯ ಚಿಂದಿ ಒರೆಸುವ ಬಟ್ಟೆಯಾಗುತ್ತದೆ. ಕರ್ನಾಟಕದ ಮನೆಗಳಲ್ಲಿ ಹೀಗೆ ಹೊಲಿಯುವ ವಸ್ತುಗಳಲ್ಲಿ ಕೆಲವು:

* ಕುಂಚಿಗೆ ಮತ್ತು ಕುಲಾಯಿ: ಎಳೆಯ ಮಕ್ಕಳ ತಲೆ, ಕಿವಿ ಹಾಗೂ ಬೆನ್ನು ಬೆಚ್ಚಗಿಡುವ ಉಡುಗೆಗಳು. ಅಜ್ಜಿಯ ಮೆತ್ತನೆಯ ಸೀರೆಯನ್ನು ಅಸ್ತರಿಗೆ ಬಳಸಿ, ಮೇಲೆ ಖಣ ಅಥವಾ ರೇಷ್ಮೆಯ ತುಂಡನ್ನು ಕೂಡಿಸುತ್ತಾರೆ.
* ಲಂಗ–ರವಿಕೆ: ತಾಯಿಯ ರೇಷ್ಮೆ ಸೀರೆಯ ಒಡಲು ಸವೆದರೂ ಜರಿಯ ಅಂಚು ಗಟ್ಟಿಯಾಗಿ ಉಳಿಯುವುದರಿಂದ, ಅದನ್ನು ಬಳಸಿ ಹೆಣ್ಣುಮಕ್ಕಳಿಗೆ ಹಬ್ಬದ ಉಡುಪು ಹೊಲಿಸುವ ರೂಢಿ ವ್ಯಾಪಕವಾಗಿದೆ. ಮುಂದೆ ಬಿಡಬಹುದಾದ ಮಡಿಕೆಯನ್ನು ಲಂಗದ ಕೆಳಗೆ ಹಾಕಿ, ಮಗು ಬೆಳೆದಂತೆ ಬಿಚ್ಚುತ್ತಾರೆ.
* ವೇಷಭೂಷಣ: ಶಾಲೆಯ ನಾಟಕ, ಕೃಷ್ಣವೇಷ ಸ್ಪರ್ಧೆ ಮೊದಲಾದ ಸಂದರ್ಭಗಳಲ್ಲಿ ಮಕ್ಕಳ ಕಚ್ಚೆ, ಉತ್ತರೀಯ, ನಡುಕಟ್ಟುಗಳು ಮನೆಯ ಹಳೆ ಸೀರೆಯಿಂದಲೇ ಸಿದ್ಧವಾಗುತ್ತವೆ.
* ಚಂಚಿ ಮತ್ತು ಜೋಳಿಗೆ: ಎಲೆಯಡಿಕೆ ಇಡುವ ಹಲವು ಅರೆಗಳ ಬಟ್ಟೆಯ ಚೀಲ ಚಂಚಿ. ಹೆಗಲಿಗೆ ಹಾಕುವ ಚೀಲ ಜೋಳಿಗೆ.
* ಸಿಂಬೆ ಮತ್ತು ಗೊಂಬೆ: ತಲೆಯ ಮೇಲೆ ಕೊಡ ಹೊರಲು ಆಸರೆಯಾಗಿ ಸುತ್ತಿದ ಬಟ್ಟೆಯ ಬಳೆ ಸಿಂಬೆ. ಉಳಿದ ಚಿಂದಿ ಮಕ್ಕಳ ಗೊಂಬೆಯ ಹೂರಣವಾಗುತ್ತದೆ.

## ಸಾಮಾಜಿಕ ಮಹತ್ವ

ಕೌದಿಯು ಮಕ್ಕಳ ಹುಟ್ಟು, ಬಾಣಂತನ ಮತ್ತು ಮದುವೆಯಂತಹ ಸಂದರ್ಭಗಳೊಂದಿಗೆ ಬೆಸೆದುಕೊಂಡಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಕೂಸಿನೊಂದಿಗೆ ಮರಳುವಾಗ ತೊಟ್ಟಿಲು, ಕುಂಚಿಗೆಗಳ ಜೊತೆಗೆ ಕೌದಿಯನ್ನೂ ಕೊಟ್ಟು ಕಳುಹಿಸುವ ರೂಢಿಯಿದೆ. ತಾಯಿ, ಅಜ್ಜಿಯರ ಸೀರೆಗಳು ಸೇರಿದ ಕೌದಿಯನ್ನು ಅವರ ನೆನಪಾಗಿ ಜೋಪಾನ ಮಾಡುವುದುಂಟು. ತೀರಿಕೊಂಡವರ ಬಟ್ಟೆಯನ್ನು ಸೇರಿಸುವ ವಿಷಯದಲ್ಲಿ ರೂಢಿ ಕುಟುಂಬದಿಂದ ಕುಟುಂಬಕ್ಕೆ ಬೇರೆಯಾಗಿದೆ. ಕೆಲವರು ಅದನ್ನು ಹಿರಿಯರ ಆಶೀರ್ವಾದವೆಂದು ಬಗೆದರೆ, ಕೆಲವರು ಅಂತಹ ಬಟ್ಟೆಯನ್ನು ಬಳಸುವುದಿಲ್ಲ.

ಒಟ್ಟಾಗಿ ಕುಳಿತು ಹೊಲಿಯುವ ಹೊತ್ತು ಮಹಿಳೆಯರಿಗೆ ಮಾತುಕತೆಯ, ಹಾಡಿನ, ಕಷ್ಟಸುಖ ಹಂಚಿಕೊಳ್ಳುವ ಅವಕಾಶವನ್ನು ಒದಗಿಸುತ್ತದೆ. ಅದೇ ಸಮಯದಲ್ಲಿ ಕೌದಿಯು ಲೆಕ್ಕಕ್ಕೆ ಬಾರದ ಮನೆಗೆಲಸದ ಒಂದು ಉದಾಹರಣೆಯೂ ಹೌದು. ಹೊಲದ ಮತ್ತು ಅಡುಗೆಮನೆಯ ಕೆಲಸಗಳ ನಡುವೆ ಉಳಿದ ಹೊತ್ತಿನಲ್ಲಿ, ಹಲವೊಮ್ಮೆ ಮಂದ ಬೆಳಕಿನಲ್ಲಿ ಮಾಡುವ ಈ ದುಡಿಮೆಗೆ ಹಣದ ಬೆಲೆ ಕಟ್ಟಿದವರು ಕಡಿಮೆ. ಬಡ ಕುಟುಂಬಗಳಿಗೆ ಕೌದಿಯು ಆಯ್ಕೆಯಾಗಿರಲಿಲ್ಲ, ಚಳಿಗೆ ಇದ್ದ ಏಕೈಕ ಆಸರೆಯಾಗಿತ್ತು. ಇಂದು ಅದನ್ನು ಕಲಾಕೃತಿಯೆಂದು ನೋಡುವಾಗಲೂ ಈ ಹಿನ್ನೆಲೆಯನ್ನು ಗಮನದಲ್ಲಿಡಬೇಕಾಗುತ್ತದೆ.

## ಬಳಕೆ ಮತ್ತು ನಿರ್ವಹಣೆ

ಕೌದಿಯನ್ನು ಹಾಸಿಗೆಯಾಗಿ, ಹೊದಿಕೆಯಾಗಿ, ಅತಿಥಿಗಳಿಗೆ ಕೂರಲು ಹಾಸಾಗಿ, ಎತ್ತಿನ ಗಾಡಿಯಲ್ಲಿ ಮೆತ್ತೆಯಾಗಿ ಬಳಸುತ್ತಾರೆ. ನವರಾತ್ರಿ, ದೀಪಾವಳಿಯಂತಹ ಹಬ್ಬಗಳ ಮುನ್ನ ಮನೆಯ ಹಾಸಿಗೆಗಳನ್ನೆಲ್ಲ ಹಳ್ಳ, ಹೊಳೆ ಅಥವಾ ಕೆರೆಗೆ ಒಯ್ದು ಒಗೆಯುವ ವಾಡಿಕೆಯಿದೆ. ನೀರು ಹೀರಿದ ಕೌದಿ ಬಹಳ ಭಾರವಾಗುವುದರಿಂದ ಇಬ್ಬರು ಹಿಡಿದು ಹಿಂಡಬೇಕಾಗುತ್ತದೆ. ಪದರಗಳ ನಡುವೆ ತೇವ ಉಳಿದರೆ ಬೂಷ್ಟು ಹಿಡಿಯುವುದರಿಂದ ಬಿಸಿಲಿನಲ್ಲಿ ಎರಡೂ ಬದಿ ಪೂರ್ಣವಾಗಿ ಒಣಗಿಸುವುದು ಅಗತ್ಯ. ಹರಿದ ಜಾಗಕ್ಕೆ ಹೊಸ ತೇಪೆ ಹಾಕುತ್ತಾ ಹೋಗುವುದರಿಂದ ಕೌದಿಯ ಮೇಲ್ಮೈ ಕಾಲಕ್ರಮೇಣ ಬದಲಾಗುತ್ತಲೇ ಇರುತ್ತದೆ.

## ಇಳಿಮುಖ ಮತ್ತು ಪುನರುಜ್ಜೀವನ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಲಿಯೆಸ್ಟರ್ ಮೊದಲಾದ ಕೃತಕ ನೂಲಿನ ಸೀರೆಗಳು ಹಳ್ಳಿಗಳಿಗೂ ಹರಡಿದವು. ಇವು ಬೇಗ ಸವೆಯುವುದಿಲ್ಲ. ಆದರೆ ಬೆವರನ್ನು ಹೀರುವುದಿಲ್ಲ, ಹತ್ತಿಯಂತೆ ಮೃದುವಾಗುವುದಿಲ್ಲ, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಹೀಗಾಗಿ ಕೌದಿಗೆ ಯೋಗ್ಯವಾದ ಹತ್ತಿಯ ಹಳೆ ಬಟ್ಟೆಯೇ ಕಡಿಮೆಯಾಯಿತು. ಹಳೆ ಬಟ್ಟೆಗೆ ಪಾತ್ರೆ ಕೊಡುವ ವ್ಯಾಪಾರಿಗಳು ಮನೆಯ ಹಳೆ ಸೀರೆಗಳಿಗೆ ಬೇರೊಂದು ದಾರಿ ತೆರೆದರು. ಕಾರ್ಖಾನೆಯ ಅಗ್ಗದ ರಗ್ಗು, ಕಂಬಳಿ, ಫೋಮ್ ಹಾಸಿಗೆಗಳು ಮಾರುಕಟ್ಟೆಗೆ ಬಂದವು. ಹೆಣ್ಣುಮಕ್ಕಳು ಶಾಲೆ, ಉದ್ಯೋಗಗಳಿಗೆ ತೆರಳಿದಂತೆ ಹೊಲಿಗೆಗೆ ಬೇಕಾದ ದೀರ್ಘ ಬಿಡುವೂ ಕುಗ್ಗಿತು.

ಇತ್ತೀಚಿನ ದಶಕಗಳಲ್ಲಿ ಪರಿಸರ ಕಾಳಜಿ ಹಾಗೂ ಕೈಕೆಲಸದ ಕುರಿತ ಆಸಕ್ತಿಯಿಂದ ಕೌದಿಗೆ ನಗರಗಳಲ್ಲಿ ಬೇಡಿಕೆ ಮೂಡಿದೆ. ಸ್ವಸಹಾಯ ಗುಂಪುಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಕೌದಿ, ದಿಂಬಿನ ಚೀಲ, ಕೈಚೀಲ, ಮಕ್ಕಳ ಹೊದಿಕೆಗಳನ್ನು ಹೊಲಿಸಿ ಮಾರುತ್ತಿವೆ. ಮಾರಾಟಕ್ಕೆಂದು ಹೊಲಿಯುವಾಗ ಹೊಸ ಬಟ್ಟೆ, ಸಮನಾದ ಅಳತೆ, ನಿಗದಿತ ಬಣ್ಣಗಳನ್ನು ಬಳಸಬೇಕಾಗುವುದರಿಂದ ಕೌದಿಯ ಸ್ವರೂಪವೂ ಬದಲಾಗುತ್ತಿದೆ. ಕೈಹೊಲಿಗೆಗೆ ಹಿಡಿಯುವ ದೀರ್ಘ ಸಮಯಕ್ಕೆ ತಕ್ಕ ಕೂಲಿ ದೊರೆಯುವಂತೆ ಬೆಲೆ ನಿಗದಿ ಮಾಡುವುದು ಇಂತಹ ಪ್ರಯತ್ನಗಳ ಮುಂದಿರುವ ಮುಖ್ಯ ಸವಾಲು.

## ಇತರ ಪ್ರದೇಶಗಳ ಸಮಾನ ಪರಂಪರೆಗಳು

* ಕಾಂಥಾ: ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದ ಹೊಲಿಗೆ. ಹಳೆ ಸೀರೆಯ ಅಂಚಿನಿಂದ ತೆಗೆದ ಬಣ್ಣದ ನೂಲಿನಲ್ಲಿ ಹೂವು, ಪ್ರಾಣಿ, ಕಥಾಚಿತ್ರಗಳನ್ನು ಮೂಡಿಸುತ್ತಾರೆ. ಕವಿ ಜಸೀಮುದ್ದೀನರ 1929ರ ಕಥನಕಾವ್ಯ ‘ನಕ್ಷಿ ಕಾಂಥಾರ್ ಮಾಠ್’ ಈ ಹೊಲಿಗೆಯ ಹೆಸರನ್ನೇ ಹೊತ್ತಿದೆ.
* ಸುಜನಿ: ಬಿಹಾರದ ಪದರ ಹೊಲಿಗೆ. ನವಜಾತ ಶಿಶುವಿಗೆ ಹಳೆ ಬಟ್ಟೆಯ ಹೊದಿಕೆ ಹೊಲಿಯುವ ರೂಢಿಯಿಂದ ಬೆಳೆದದ್ದು.
* ರಲ್ಲಿ: ಸಿಂಧ್ ಹಾಗೂ ಅದಕ್ಕೆ ಹೊಂದಿಕೊಂಡ ರಾಜಸ್ಥಾನ, ಗುಜರಾತ್ ಪ್ರದೇಶಗಳ ತೇಪೆ ಹೊದಿಕೆ.
* ಬೋರೋ: ಜಪಾನಿನ ಬಡ ರೈತರು ನೀಲಿ ಬಣ್ಣದ ಹಳೆ ಬಟ್ಟೆಗಳಿಗೆ ತೇಪೆ ಹಾಕುತ್ತಾ ತಲೆಮಾರುಗಳ ಕಾಲ ಬಳಸಿದ ಉಡುಪು ಮತ್ತು ಹೊದಿಕೆಗಳು.
* ಜೀಸ್ ಬೆಂಡ್ ಕೌದಿಗಳು: ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಊರಿನ ಆಫ್ರಿಕನ್ ಅಮೆರಿಕನ್ ಮಹಿಳೆಯರು ದುಡಿಮೆಯ ಹಳೆ ಉಡುಪುಗಳಿಂದ ಹೊಲಿದ ಹೊದಿಕೆಗಳು. 2002ರಲ್ಲಿ ಇವು ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಇವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು.

## ಇವನ್ನೂ ನೋಡಿ

* ಇಳಕಲ್ ಸೀರೆ
* ಗುಳೇದಗುಡ್ಡ ಖಣ
* ಕಸೂತಿ
* ಸಂಡೂರು ಲಂಬಾಣಿ ಕಸೂತಿ
* ಸಿದ್ದಿ ಜನಾಂಗ